ಮೀಸೆ ಕಾಣದ ಚಿಮಟ

ನಮ್ಮವರು ಚಿಮಟ ಮಾಡುವವರು. ಹಾಗಂದ ಕೂಡಲೇ ಜನ ಹುಬ್ಬು ಕೀಳುವ ಚಿಮಟ ಅಂದುಕೊಂಡು "ನಂಗೂ ಒಂದು ಕೊಡಿಸ್ರೀ" ಅನ್ನುತ್ತಾರೆ. ಅದಲ್ಲ. ಇದು ಕಣ್ಣಿನ ಪೊರೆಯ ಆಪರೇಷನ್ನಿಗೆ ಬೇಕಾಗುವ ಚಿಮಟ. ಉದ್ದ ಒಂದು ಗೇಣೂ ಇಲ್ಲ, ತುದಿಯಂತೂ ಸೂಜಿಗಿಂತ ಸಣ್ಣ, ಒಂಚೂರು ಬಾಗಿರುತ್ತದೆ. ಕಣ್ಣೊಳಗಿನ ಲೆನ್ಸು ತೆಳ್ಳನೆಯ ಒಂದು ಚೀಲದಲ್ಲಿ ಕೂತಿರುತ್ತದಂತೆ. ಆ ಲೆನ್ಸು ಮಬ್ಬಾದರೆ ಅದನ್ನೇ ನಾವು ಪೊರೆ ಅನ್ನುವುದು. ಡಾಕ್ಟರು ಈ ಚಿಮಟದ ತುದಿಯಿಂದ ಚೀಲದ ಮುಂಭಾಗವನ್ನು ಚಿವುಟಿ ಹಿಡಿದು, ಗುಂಡಗೆ ಹರಿದು ತೆಗೆದು, ಒಳಗಿನ ಮಬ್ಬನ್ನು ಆಚೆ ಹಾಕಿ ಹೊಸ ಲೆನ್ಸು ಕೂರಿಸುತ್ತಾರೆ. ಹರಿಯುವಾಗ ಚಿಮಟ ಜಾರಿತೋ, ಗುಂಡಗೆ ಬರಬೇಕಾದ ಹರಕು ಎತ್ತಲೋ ಓಡಿಬಿಡುತ್ತದೆ. ಇಷ್ಟನ್ನೂ ನಾನು ಮದುವೆಯಾದ ಹೊಸದರಲ್ಲೇ ಬಾಯಿಪಾಠ ಮಾಡಿದ್ದೆ. ಯಾಕೆಂದರೆ ನಮ್ಮವರಿಗೆ ಹೆಂಡತಿಯ ಜೊತೆ ಮಾತಾಡಲು ಬೇರೆ ವಿಷಯವೇ ಇರಲಿಲ್ಲ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಕಬ್ಬಿಣದ ಮೆಟ್ಟಿಲು ಹತ್ತಿ ಬಂದರೆ ಉದ್ದನೆಯ ಒಂದೇ ಕೋಣೆ. ಕಿಟಕಿ ಪಕ್ಕದ ಮೇಜು ನಮ್ಮವರದು, ಮೈಕ್ರೋಸ್ಕೋಪು, ದೀಪ, ಸಣ್ಣ ಸಣ್ಣ ಅರಗಳು. ಬಾಗಿಲ ಪಕ್ಕದ ಕೊನೆಯ ಮೇಜು ನನ್ನದು. ಅವರು ಮುಗಿಸಿದ್ದನ್ನು ತೊಳೆದು, ಒಣಗಿಸಿ, ತುದಿಗೆ ರಬ್ಬರ್ ಟೋಪಿ ಹಾಕಿ, ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಡಬ್ಬಿಗಿಡುವುದು ನನ್ನ ಕೆಲಸ. ಮನೆಯಲ್ಲೂ ಅವರು ಹರಡಿದ್ದನ್ನು ನಾನೇ ಎತ್ತಿಡುವುದರಿಂದ ಎರಡೂ ಕಡೆ ಒಂದೇ ನೌಕರಿ.

ಡಬ್ಬಿಗೆ ಹೋಗುವ ಮುಂಚೆ ಪ್ರತಿಯೊಂದು ಚಿಮಟಕ್ಕೂ ಮೀಸೆ ಪರೀಕ್ಷೆ ಇತ್ತು. ನಮ್ಮ ಮಾಲೀಕರಿಗೆ ದಪ್ಪ ಮೀಸೆ. ಚಿಮಟದ ಹಿಡಿಯನ್ನು ಮೂಗಿನ ಮುಂದೆ ಹಿಡಿದು ಅದರಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಿದ್ದರು. ಕೂದಲು ಕೂದಲಾಗಿ ಕಂಡರೆ ಪಾಸು, ಮಸುಕಾಗಿ ಕಂಡರೆ ಮತ್ತೆ ಪಾಲಿಶ್ ಚಕ್ರಕ್ಕೆ. ಅವರಪ್ಪನ ಕಾಲದಿಂದ ಬಂದ ಪದ್ಧತಿ, ಅವರಪ್ಪನಿಗೂ ಮೀಸೆ ಇತ್ತು. "ಹೊಳಪೇ ನಮ್ಮ ಮರ್ಯಾದೆ" ಅನ್ನುವುದು ಅವರ ಮಾತು. ಅದನ್ನು ಯಾರೂ ಪ್ರಶ್ನಿಸಿದವರಲ್ಲ. ಮೀಸೆಗೂ ಕಣ್ಣಿಗೂ ಏನು ಸಂಬಂಧ ಅಂತ ನನಗೂ ಹೊಳೆದಿರಲಿಲ್ಲ.

ನಮ್ಮವರನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ. ಮಾತು ಕಡಿಮೆ, ಹಟ ಜಾಸ್ತಿ. ಗೋಡೆಯ ಮೇಲಿನ ಕ್ಯಾಲೆಂಡರ್ ಒಂದು ನೂಲಿನಷ್ಟು ವಾಲಿದ್ದರೂ ಊಟಕ್ಕೆ ಕೂರುವವರಲ್ಲ. ಅಂಥವರು ಆ ವರ್ಷ ಇದ್ದಕ್ಕಿದ್ದಂತೆ ಎಲ್ಲದರ ಮೇಲೂ ಹರಿಹಾಯಲು ಶುರು ಮಾಡಿದರು. ದೀಪ ಸರಿ ಇಲ್ಲ ಅಂದರು, ಬದಲಾಯಿಸಿದ್ದಾಯಿತು. ಪಾಲಿಶ್ ಪುಡಿ ಕಲಬೆರಕೆ ಅಂದರು, ಬೇರೆ ತಂದದ್ದಾಯಿತು. ಮೈಕ್ರೋಸ್ಕೋಪಿನ ಗಾಜಿಗೆ ಬೂಸ್ಟು ಹಿಡಿದಿದೆ ಅಂದರು, ಬಿಚ್ಚಿ ಒರೆಸಿದ್ದಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಿದ್ದರೆ ಆ ದಿನ ಕ್ಯಾಲೆಂಡರಿನ ಜೊತೆ ನನ್ನನ್ನೂ ನೆಟ್ಟಗೆ ಮಾಡುತ್ತಿದ್ದರು.

ಅದರ ಜೊತೆಗೆ ಇನ್ನೆರಡು ವಿಚಿತ್ರ. ಒಂದು, ನನ್ನ ಪ್ಲಾಸ್ಟಿಕ್ ಹಾಳೆಯ ಸುರುಳಿ ಬೇಗ ಬೇಗ ಖಾಲಿಯಾಗುತ್ತಿತ್ತು. ನೋಡಿದರೆ ನಮ್ಮವರ ಮೇಜಿನ ಕೆಳಗೆ ಉಗುರಿನಷ್ಟಗಲದ ಚೂರುಗಳು ರಾಶಿ ಬಿದ್ದಿರುತ್ತಿದ್ದವು. "ಇದನ್ನೇನು ತಿಂತೀರಾ?" ಅಂತ ಕೇಳಿದರೆ "ಹೂಂ" ಅನ್ನುತ್ತಿದ್ದರು. ಇನ್ನೊಂದು, ಕೆಲಸದ ಮಧ್ಯೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕೈಯಲ್ಲಿ ಚಿಮಟ ಇದೆ, ತಲೆ ಒಂದು ಕಡೆ ವಾಲಿದೆ. ವಯಸ್ಸಾಯಿತು, ತೂಕಡಿಸುತ್ತಿದ್ದಾರೆ ಅಂದುಕೊಂಡು ಒಂದೆರಡು ಸಲ ಬೇಕೆಂದೇ ಡಬ್ಬಿ ಬೀಳಿಸಿ ಸದ್ದು ಮಾಡಿದೆ. ಅವರು ಕಣ್ಣು ಬಿಡದೆಯೇ "ಸದ್ದು ಮಾಡ್ಬೇಡ್ವೇ" ಅಂದರು.

ಆಗಲೇ ಮಾಲೀಕರ ಸೊಂಟ ಹಿಡಿದುಕೊಂಡು ಅವರು ಮನೆಯಲ್ಲಿ ಮಲಗಿದರು. ದೊಡ್ಡ ಕಣ್ಣಾಸ್ಪತ್ರೆಯೊಂದಕ್ಕೆ ಚಿಮಟ ಕಳಿಸಬೇಕಿತ್ತು. ಮೀಸೆ ಇಲ್ಲ, ಮೀಸೆ ಪರೀಕ್ಷೆಯೂ ಇಲ್ಲ. ನಮ್ಮವರು ತಾವೇ ತಟ್ಟೆ ತುಂಬ ತಂದು ನನ್ನ ಮುಂದಿಟ್ಟರು. ನಾನು ಒಂದನ್ನು ಕೈಗೆತ್ತಿಕೊಂಡೆ. ಬೂದಿ ಬಣ್ಣ. ಮಳೆಯಲ್ಲಿ ನೆನೆದ ಸ್ಲೇಟಿನ ಹಾಗೆ ಮಂಕಾಗಿತ್ತು.

"ಏನ್ರೀ ಇದು, ಹೊಳಪೇ ಇಲ್ವಲ್ಲ?" ಅಂದೆ.

"ಹೊಳಪಿಲ್ವಾ? ಕಣ್ಣು ಕುಕ್ಕೋ ಹಾಗೆ ಹೊಳೀತಿದೆ. ಇನ್ನೂ ಉಜ್ಜಿದ್ರೆ ನೋಡೋಕೇ ಆಗಲ್ಲ."

"ನನಗೆ ಮಂಕಾಗಿ ಕಾಣ್ತಿದೆ."

"ನಿನ್ನ ಕಣ್ಣು ತೋರಿಸ್ಕೋ ಹೋಗು."

ನಾನು ಗಂಭೀರವಾಗಿ ಯೋಚಿಸಿದೆ. ನನ್ನ ಕಣ್ಣಿಗೇ ಏನೋ ಆಗಿರಬೇಕು ಅಂತ ಬಾಗಿಲ ಹತ್ತಿರ ಹೋಗಿ ಬೆಳಕಿನಲ್ಲಿ ನೋಡಿದೆ. ಆಗಲೂ ಮಂಕೇ. ಆದರೆ ಹುಟ್ಟಿದಾಗಿನಿಂದ ಚಿಮಟ ಮಾಡಿದವರು ಅವರು, ಸುತ್ತುವವಳು ನಾನು. ಸುತ್ತಿ ಕಳಿಸಿದೆ.

ಸ್ವಲ್ಪ ದಿನಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಮಾಲೀಕರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಆಗಷ್ಟೇ ಕೆಲಸಕ್ಕೆ ಬಂದಿದ್ದರು. ಮಾತಾಡುತ್ತ ಮಾತಾಡುತ್ತ ಅವರ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬೆಪ್ಪಾಯಿತು. ಫೋನಿಟ್ಟು, "ಹೋದ್ಸಲದ್ದು ತುಂಬ ಚೆನ್ನಾಗಿತ್ತಂತೆ ಮೇಸ್ತ್ರಿ, ಅಂಥದ್ದೇ ಇನ್ನೂ ಬೇಕಂತೆ. ಏನು ಮಾಡಿದ್ರಿ?" ಅಂದರು.

"ಯಾವಾಗ್ಲೂ ಮಾಡೋದನ್ನೇ ಮಾಡಿದೆ."

ಉಕ್ಕು ಅದೇ, ಅಚ್ಚು ಅದೇ, ಅರ ಅದೇ. ನಮ್ಮವರು ಮತ್ತೆ ಒಂದು ತಟ್ಟೆ ಮಾಡಿ ತಂದರು. ಮಾಲೀಕರು ಹಿಡಿಯಲ್ಲಿ ಮೀಸೆ ಹುಡುಕಿದರು, ಮೀಸೆ ಹಾಗಿರಲಿ, ಮೂಗೂ ಕಾಣಲಿಲ್ಲ. "ಅಯ್ಯಯ್ಯೋ, ಆಸ್ಪತ್ರೆಯವರು ಹೊಗಳಿದ ಮೇಲೆ ಇಂಥದ್ದನ್ನ ಕಳಿಸೋದಾ?" ಅಂತ ತಲೆ ಚಚ್ಚಿಕೊಂಡು ಎಲ್ಲವನ್ನೂ ಪಾಲಿಶ್ ಚಕ್ರಕ್ಕೆ ಕೊಟ್ಟರು. ಬಿಸಿಯಾಗುವಷ್ಟು ಉಜ್ಜಿಸಿ, ಕನ್ನಡಿ ಮಾಡಿ, ತಾವೇ ನಿಂತು ಕಳಿಸಿದರು. ಅಷ್ಟೂ ವಾಪಸು ಬಂತು. ಇವಲ್ಲ, ಅವು ಬೇಕು ಅಂತ ಹೇಳಿ ಕಳಿಸಿದ್ದರು.

ಇವಲ್ಲದಿದ್ದರೆ ಯಾವುವು? ಕಾರ್ಖಾನೆಯಲ್ಲಿ ಒಬ್ಬರಿಗೂ ತಲೆಬುಡ ಗೊತ್ತಾಗಲಿಲ್ಲ. "ಸುತ್ತೋದ್ರಲ್ಲಿ ಏನಾದ್ರೂ ವ್ಯತ್ಯಾಸ ಮಾಡಿದ್ಯಾ ತಾಯಿ?" ಅಂತ ಮಾಲೀಕರು ನನ್ನನ್ನೂ ಕೇಳಿದರು. ಪ್ಲಾಸ್ಟಿಕ್ ಹಾಳೆಯ ಮಹಿಮೆಯೋ ಏನೋ ಅಂತ ಒಂದು ಗಳಿಗೆ ನನಗೂ ಅನ್ನಿಸಿ ಹೆಮ್ಮೆಯಾಯಿತು. ಕೊನೆಗೆ ಮೂವರೂ ಆಸ್ಪತ್ರೆಗೇ ಹೊರಟೆವು.

ಡಾಕ್ಟರಮ್ಮ ಚಿಕ್ಕ ಪ್ರಾಯದವರು, ಮಾತು ಮೆತ್ತಗೆ. ಮೇಜಿನ ಮೇಲೆ ಎರಡು ಚಿಮಟ ಇಟ್ಟರು. ಒಂದು ಮಂಕಾದದ್ದು, ಒಂದು ಕನ್ನಡಿಯಂಥದ್ದು. "ನೀವೇ ಹೇಳಿ ಯಜಮಾನ್ರೇ, ಇವೆರಡರಲ್ಲಿ ವ್ಯತ್ಯಾಸ ಏನು?" ಅಂತ ನಮ್ಮವರನ್ನು ಕೇಳಿದರು.

ನಮ್ಮವರು ಒಂದನ್ನು ಎತ್ತಿದರು, ಇನ್ನೊಂದನ್ನು ಎತ್ತಿದರು. ಕಿಟಕಿಯ ಕಡೆ ತಿರುಗಿದರು, ಕಣ್ಣು ಕಿರಿದು ಮಾಡಿದರು. "ವ್ಯತ್ಯಾಸ ಏನಿಲ್ಲ. ಎರಡೂ ಕಣ್ಣಿಗೆ ಚುಚ್ಚೋ ಹಾಗೆ ಹೊಳೀತಿವೆ."

ಮಾಲೀಕರು ನನ್ನ ಮುಖ ನೋಡಿದರು, ನಾನು ಅವರ ಮೀಸೆ ನೋಡಿದೆ. ಡಾಕ್ಟರಮ್ಮ ಮಾತ್ರ ಚಿಮಟ ಬಿಟ್ಟು ನಮ್ಮವರ ಕಣ್ಣನ್ನೇ ನೋಡುತ್ತಿದ್ದರು. "ಎದುರಿಂದ ಬರೋ ಗಾಡಿ ದೀಪದ ಸುತ್ತ ಬಳೆ ಬಳೆ ಥರ ಕಾಣುತ್ತಾ?" ಅಂತ ಕೇಳಿದರು.

"ಕಾಣುತ್ತೆ. ಈಗಿನ ಗಾಡಿ ದೀಪಗಳೇ ಹಾಗೆ."

ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ನೋಡಿದರು. ಎರಡೂ ಕಣ್ಣಲ್ಲಿ ಪೊರೆ. ಚೆನ್ನಾಗಿಯೇ ಬಲಿತಿದೆ ಅಂದರು.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಬದುಕಿಡೀ ಪೊರೆಯ ಚಿಮಟ ಮಾಡಿದ ಮನುಷ್ಯನಿಗೆ ತನ್ನ ಪೊರೆ ಗೊತ್ತಾಗಲಿಲ್ಲ, ಅವರ ಪಕ್ಕದಲ್ಲೇ ಮಲಗುವ ನನಗೂ ಗೊತ್ತಾಗಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ನಮ್ಮವರ ಮೇಲೆ ರೇಗಿದೆ. "ನಿನ್ನ ಕಣ್ಣು ತೋರಿಸ್ಕೋ ಅಂದ್ರಲ್ಲ, ಈಗೇನಂತೀರಿ?" ಅವರ ಮುಖ ನೋಡಿದ ಮೇಲೆ ನನಗೇ ಹೆದರಿಕೆಯಾಯಿತು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಆಪರೇಷನ್ ಮಾಡುವಾಗ ಮೇಲಿನಿಂದ ಜೋರು ಬೆಳಕು ಬಿದ್ದಿರುತ್ತದೆ. ಚಿಮಟ ಹೊಳೆದರೆ ಆ ಬೆಳಕು ಅವರ ಕಣ್ಣಿಗೇ ವಾಪಸು ಹೊಡೆಯುತ್ತದೆ, ತೆಳು ಚೀಲದ ಅಂಚು ಎಲ್ಲಿದೆ ಅಂತಲೇ ಕಾಣುವುದಿಲ್ಲ. ಮಂಕು ಚಿಮಟದಲ್ಲಿ ಆ ಕಾಟ ಇಲ್ಲ. ನಮ್ಮವರಿಗೆ ಪೊರೆಯಿಂದ ಎಲ್ಲವೂ ವಿಪರೀತ ಹೊಳೆದು, ಸಾಕಪ್ಪ ಅಂತ ಪಾಲಿಶ್ ಅರ್ಧಕ್ಕೇ ನಿಲ್ಲಿಸಿದ್ದು ಹೀಗೆ ಲಾಭವಾಗಿತ್ತು. "ಹೊಳಪಿನ ವಿಷಯ ಹೋಗ್ಲಿ. ಈ ತುದಿ ಇದೆಯಲ್ಲ, ಇಷ್ಟು ಮೆತ್ತಗೆ ಒತ್ತಿದ್ರೂ ಹಿಡಿಯುತ್ತೆ, ಜಾರೋದೇ ಇಲ್ಲ. ಇದನ್ನ ಹೇಗೆ ಮಾಡಿದ್ರಿ?" ಅಂತ ಕೇಳಿದರು.

"ಗೊತ್ತಿಲ್ಲ ಡಾಕ್ಟರಮ್ಮ," ಅಂದರು ನಮ್ಮವರು. ನಾನು ಕೇಳಿದ ಹಾಗೆ ಅವರು ಕೆಲಸದ ವಿಷಯದಲ್ಲಿ ಗೊತ್ತಿಲ್ಲ ಅಂದದ್ದು ಅದೇ ಮೊದಲು.

ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತ ಕೂತಿದ್ದವರು ತಟ್ಟನೆ ಕೇಳಿದರು. "ಅಲ್ವೇ, ಅದನ್ನ ಮಾಡಿದ್ದು ನಾನಾ, ಪೊರೆನಾ?"

"ಇದೇನು ಪ್ರಶ್ನೆ?"

"ಇಷ್ಟು ವರ್ಷ ನೆಟ್ಟಗೆ ಕಣ್ಣಿತ್ತು, ಆಗ ಯಾರೂ ಹೊಗಳಲಿಲ್ಲ. ಕಣ್ಣು ಹೋದ ಮೇಲೆ ಹೊಗಳ್ತಿದಾರೆ. ಕಣ್ಣು ಬಂದ್ರೆ ಕೈ ಹೋಗುತ್ತಾ?"

ಮುಂದಿನ ಸೀಟಿನಿಂದ ಮಾಲೀಕರು ತಿರುಗಿ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ದನಿಯಲ್ಲಿ ಹೇಳಿದರು. "ಆಪರೇಷನ್ ಮಾಡಿಸ್ಬೇಡಿ ಅಂತ ನಾನು ಹೇಳಲ್ಲ ಮೇಸ್ತ್ರಿ. ಈ ಆರ್ಡರ್ ಒಂದು ಮುಗೀಲಿ ಅಂತೀನಿ ಅಷ್ಟೇ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ ಹಾಗೆ ಆಗ್ಬಾರ್ದು ನೋಡಿ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮೀಸೆ ಬೋಳಿಸಿದ್ರೆ ಮತ್ತೆ ಬರುತ್ತೆ, ಇವರ ಕಣ್ಣು ಹೋದ್ರೆ ಬರುತ್ತಾ?" ಅಂತ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೇಳಿದೆ. ಮಾಲೀಕರು ಕೆಟ್ಟವರೇನಲ್ಲ. ಮುಂದೆ ತಿರುಗಿ ಕೂತು, ಇಳಿಯುವವರೆಗೂ ಮೀಸೆ ಸವರಿಕೊಂಡರು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ನಿಮ್ಮ ಮಂಕು ಚಿಮಟದಲ್ಲೇ ಮಾಡುತ್ತೇನೆ ಅಂದಿದ್ದರು ಡಾಕ್ಟರಮ್ಮ. ಬೇರೆಯವರ ಕಣ್ಣಿಗೆ ಧೈರ್ಯವಾಗಿ ಕಳಿಸಿದ್ದನ್ನು ತಮ್ಮ ಕಣ್ಣಿಗೆ ನಂಬುವುದು ನಮ್ಮವರಿಗೂ ಸುಲಭವಾಗಲಿಲ್ಲ. ಮಾರನೆಯ ದಿನ ಪಟ್ಟಿ ಬಿಚ್ಚಿದರು. ನಾನು ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಎದುರಿಗೇ ನಿಂತಿದ್ದೆ. ನಮ್ಮವರು ಕಣ್ಣು ಪಿಳಿಪಿಳಿ ಬಿಟ್ಟು, ನನ್ನ ಭುಜದ ಮೇಲಿಂದ ನರ್ಸನ್ನು ನೋಡಿ, "ಆ ಚಿಮಟ ಎಲ್ಲಿ?" ಅಂದರು.

ಕೊಟ್ಟರು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು. ಮತ್ತೆ ಹಾಗೇ, ಮತ್ತೆ ಹೀಗೆ. "ಥೂ, ಇದನ್ನ ಯಾವ ಕುರುಡ ಮಾಡಿದ್ದು?" ಅಂದರು. ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಕಣ್ಣನ್ನೂ ಹೆಚ್ಚು ದಿನ ಬಿಡಬೇಡಿ, ತುಂಬ ಗಟ್ಟಿಯಾದರೆ ತೆಗೆಯುವುದು ಕಷ್ಟ ಅಂತ ಅವರು ನನ್ನನ್ನು ಕರೆದು ಮತ್ತೆ ಮತ್ತೆ ಹೇಳಿದರು.

ಕೆಲಸಕ್ಕೆ ಮರಳಿದ ಮೇಲೆ ನಿಜವಾದ ಗೋಳು ಶುರುವಾಯಿತು. ಮಂಕು ಮಾಡುವುದು ಕಷ್ಟವಾಗಲಿಲ್ಲ, ಪಾಲಿಶ್ ಅರ್ಧಕ್ಕೆ ನಿಲ್ಲಿಸಿದರೆ ಮುಗಿಯಿತು. ಮಾಲೀಕರು ಹಲ್ಲು ಕಚ್ಚಿಕೊಂಡು ಮೀಸೆ ಪರೀಕ್ಷೆ ಕೈಬಿಟ್ಟರು. ಸಮಸ್ಯೆ ಇದ್ದದ್ದು ತುದಿಯಲ್ಲಿ. ಮೈಕ್ರೋಸ್ಕೋಪಿನಲ್ಲಿ ಈಗ ನಮ್ಮವರಿಗೆ ಎಲ್ಲ ಸ್ಪಷ್ಟ. ಎರಡು ತುದಿ ಅಂಗೈಗೆ ಅಂಗೈ ಕೂಡಿದ ಹಾಗೆ ಕೂಡುವುದು ಕಾಣುತ್ತಿತ್ತು. ಆದರೆ ಡಾಕ್ಟರಮ್ಮ ಹಿಡಿದು ನೋಡಿ ಜಾರುತ್ತದೆ ಅಂದರು. ಇನ್ನೊಂದು ತಟ್ಟೆ ಹೋಯಿತು, ಅದೂ ಜಾರುತ್ತದೆ. ನೋಡಲು ಇಷ್ಟು ಚೆನ್ನಾಗಿರುವುದು ಜಾರುವುದು ಹೇಗೆ ಅಂತ ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು.

ಆಮೇಲೆ ಒಂದು ದಿನ ಅವರು ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸಕ್ಕೆ ಕೂತಿದ್ದರು.

"ಇದೇನು ವೇಷ?"

"ಹಳೇ ಕಣ್ಣಲ್ಲಿ ನೋಡ್ತಿದೀನಿ. ಇದ್ರಲ್ಲೇ ಅಲ್ವಾ ಅದು ಬಂದಿದ್ದು." ಕರವಸ್ತ್ರ ಬಿಗಿ ಮಾಡಿಕೊಳ್ಳುತ್ತ ಅವರೇ ಹೇಳಿದರು. "ಎಡಗಣ್ಣಿಗೆ ಆಪರೇಷನ್ ಬೇಡ. ಇದೊಂದನ್ನ ಕೆಲಸಕ್ಕೆ ಇಟ್ಕೋತೀನಿ."

ನಾನು ಬೈದೆ, ಗೋಗರೆದೆ, ಎರಡು ಹೊತ್ತು ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರ ಗಮನಕ್ಕೇ ಬರಲಿಲ್ಲ. ಕ್ಯಾಲೆಂಡರ್ ವಾಲಿದ್ದರೂ ಹಾಗೇ ಬಿಟ್ಟು ಊಟಕ್ಕೆ ಕೂತರು, ಅದನ್ನು ನೋಡಿದಾಗ ನನಗೆ ನಿಜವಾಗಿ ಅಳು ಬಂತು. ಡಾಕ್ಟರಮ್ಮ ಹೇಳಿದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ದಿನ ಕಳೆದ ಹಾಗೆ ಆ ಕಣ್ಣಿನ ಪೊರೆ ಗಟ್ಟಿಯಾಗುತ್ತಿದೆ, ಈ ಮನುಷ್ಯ ಅದನ್ನು ಬೆಳೆಸಿ ಸಾಕುತ್ತಿದ್ದಾರೆ. ಇಷ್ಟರ ಮೇಲೆ ಹಳೇ ಕಣ್ಣಿನ ಚಿಮಟವೂ ಜಾರಿತು. ಹೊಸ ಕಣ್ಣಿನದೂ ಜಾರುತ್ತದೆ, ಹಳೇ ಕಣ್ಣಿನದೂ ಜಾರುತ್ತದೆ. ಹಾಗಾದರೆ ಆಗ ಜಾರದೆ ಇದ್ದದ್ದು ಯಾವ ಕಣ್ಣಿನದು?

ಅದನ್ನೇ ಯೋಚಿಸುತ್ತ ಮಧ್ಯಾಹ್ನ ಡಬ್ಬಿ ತುಂಬುತ್ತಿದ್ದೆ. ಪ್ಲಾಸ್ಟಿಕ್ ಸುರುಳಿಗೆ ಕೈ ಹಾಕಿದೆ. ದಪ್ಪಗಿತ್ತು. ಅದನ್ನು ತೆರೆದು ಎಷ್ಟು ಕಾಲವಾಯಿತು, ಇನ್ನೂ ಹೀಗೆ ದಪ್ಪಗಿದೆಯಲ್ಲ ಅನ್ನಿಸಿತು. ಎದ್ದು ಹೋಗಿ ನಮ್ಮವರ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಒಂದು ಚೂರೂ ಇಲ್ಲ. ಆಪರೇಷನ್ ಆದ ಮೇಲೆ ಅವರು ನನ್ನ ಹಾಳೆ ಕದ್ದೇ ಇರಲಿಲ್ಲ. ತೂಕಡಿಸಿಯೂ ಇರಲಿಲ್ಲ.

ಸುರುಳಿಯಿಂದ ಒಂದು ಉದ್ದನೆಯ ಪಟ್ಟಿ ಕತ್ತರಿಸಿ ಅವರ ಮುಂದಿಟ್ಟೆ. "ಆಗ ಇದನ್ನ ಏನು ಮಾಡ್ತಿದ್ರಿ?"

"ಚಿಮಟಕ್ಕೆ ಕಚ್ಚಿಸಿ ಎಳೀತಿದ್ದೆ. ಜಾರಿದ್ರೆ ತುದಿ ಸ್ವಲ್ಪ ತಿದ್ದೋದು, ಮತ್ತೆ ಎಳೆಯೋದು. ಸರಿಯಾಗಿ ಕಾಣ್ತಿರಲಿಲ್ಲ ಅಂತ. ಈಗ ಕಾಣುತ್ತಲ್ಲ, ಅದ್ಯಾಕೆ?"

"ಈಗ ಎಳೀರಿ."

ಮೈಕ್ರೋಸ್ಕೋಪಿನಲ್ಲಿ ಅಂದವಾಗಿ ಕೂಡಿದ್ದ ಚಿಮಟವನ್ನು ಎತ್ತಿಕೊಂಡು ಹಾಳೆಗೆ ಕಚ್ಚಿಸಿ ಎಳೆದರು. ಜಾರಿತು. ತುದಿಯನ್ನೇ ದಿಟ್ಟಿಸಿ ತಿದ್ದಿದರು. ಮತ್ತೆ ಜಾರಿತು. ಮೇಲಿನಿಂದ ಕೂಡಿದ್ದು ಕಾಣುತ್ತದೆ, ಒಳಗೆ ಎಲ್ಲೋ ಬಿಟ್ಟುಕೊಂಡಿದೆ, ಅದು ಕಣ್ಣಿಗೆ ಸಿಗುವಂಥದ್ದಲ್ಲ.

"ಕಣ್ಣು ಮುಚ್ಕೊಳ್ಳಿ," ಅಂದೆ.

"ಹುಚ್ಚಾ ನಿನಗೆ? ಮೊನ್ನೆ ತಾನೇ ಬಿಡಿಸ್ಕೊಂಡು ಬಂದಿದೀನಿ."

"ಮುಚ್ಕೊಳ್ಳಿ ಅಂದೆ. ಎರಡನ್ನೂ."

ಮುಚ್ಚಿದರು. ತಲೆ ತಾನಾಗಿಯೇ ಒಂದು ಕಡೆ ವಾಲಿತು, ನಾನು ನಿದ್ದೆ ಅಂದುಕೊಂಡಿದ್ದ ಅದೇ ಭಂಗಿ. ಹಾಳೆ ಎಳೆದರು, ಬೆರಳಲ್ಲಿ ಏನನ್ನೋ ಕೇಳಿಸಿಕೊಂಡರು, ಅರದಿಂದ ಒಂದೇ ಒಂದು ಸಲ ಸವರಿದರು, ಮತ್ತೆ ಎಳೆದರು. ಹೀಗೆ ಎಷ್ಟು ಹೊತ್ತು ನಡೆಯಿತೋ, ಮಾಲೀಕರೂ ಬಂದು ಉಸಿರು ಹಿಡಿದು ನಿಂತಿದ್ದರು. ಕೊನೆಗೊಮ್ಮೆ ಎಳೆದಾಗ ಹಾಳೆ ಜಾರಲಿಲ್ಲ, ಸರ್‍ ಅಂತ ಹರಿಯಿತು. ನಮ್ಮವರು ಕಣ್ಣು ಬಿಡದೆಯೇ, "ಹಾಂ, ಇದೇ," ಅಂದರು.

ಮಾಲೀಕರು ಆ ಚಿಮಟವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಫೋನಿನ ಹತ್ತಿರ ಓಡಿದರು. ನಮ್ಮವರು ಕೂತೇ ಇದ್ದರು. ಖುಷಿಯ ಬದಲು ಮುಖದ ತುಂಬ ಗೊಂದಲ.

"ಕಣ್ಣು ಮುಚ್ಕೊಂಡು ಮಾಡೋ ಕೆಲಸ ಅಂದ ಮೇಲೆ ಕಣ್ಣು ಯಾಕೆ ಮಾಡಿಸ್ಕೋಬೇಕಿತ್ತು?" ಅಂತ ಕೇಳಿದರು.

ಇಷ್ಟು ದಿನ ತಡೆದುಕೊಂಡದ್ದು ನನಗೆ ಒಂದೇ ಸಲ ಉಕ್ಕಿಬಂತು. "ಚಿಮಟ ನೋಡೋಕೊಂದೇನಾ ದೇವರು ಕಣ್ಣು ಕೊಟ್ಟಿದ್ದು? ಅಷ್ಟು ಒಳ್ಳೇ ಸೀರೆ ಉಟ್ಕೊಂಡು ಬಂದು ಎದುರಿಗೆ ನಿಂತಿದ್ದೆ, ಚಿಮಟ ಎಲ್ಲಿ ಅಂದ್ರಿ. ಅವತ್ತಿಂದ ಒಂದ್ಸಲನಾದ್ರೂ ನನ್ನ ಮುಖ ನೋಡಿದೀರಾ?"

ಅವರು ತಬ್ಬಿಬ್ಬಾದರು. ಕುರ್ಚಿ ತಿರುಗಿಸಿ ನನ್ನ ಕಡೆ ಮಾಡಿಕೊಂಡು, ಚಿಮಟ ನೋಡಿದಷ್ಟೇ ಶ್ರದ್ಧೆಯಿಂದ ನೋಡತೊಡಗಿದರು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು. "ಈ ಕಣ್ಣಲ್ಲಿ ನೀನು ಹೊಳೀತೀಯ," ಅಂದರು. ನನಗೆ ನಾಚಿಕೆಯಾಯಿತು. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಈ ಕಣ್ಣಲ್ಲಿ?" ನಾನೇ ಕೇಳಿದೆ.

"ಮೀಸೆ ಕಾಣ್ತಿದೆ," ಅಂದರು. "ಸಣ್ಣದು. ಕೂದಲು ಕೂದಲಾಗಿ."

ನಾನು ಪ್ಲಾಸ್ಟಿಕ್ ಸುರುಳಿಯನ್ನೇ ಎತ್ತಿ ಹೊಡೆಯಲು ಹೋದೆ. ಅವರು ಕೈ ಅಡ್ಡ ಹಿಡಿದು ನಗುತ್ತಿದ್ದರು, ಆ ವರ್ಷ ಅವರು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಗು ನಿಂತ ಮೇಲೂ ಎಡಗಣ್ಣು ಮುಚ್ಚಿಕೊಂಡೇ ಇದ್ದರು, ಬಲಗಣ್ಣು ನನ್ನ ಮೇಲೇ ಇತ್ತು.

"ಎಡಗಣ್ಣಿಗೆ ಯಾವಾಗ ಬರೋಕೆ ಹೇಳಿದಾರೆ?" ಅಂತ ಕೇಳಿದರು.